ಸೊಂಟದ ಆಪರೇಷನ್ ಆಯಿತು, ಕಾಲು ನೋವು ಹೋಯಿತು, ಸೊಂಟ ಮಾತ್ರ ಇನ್ನೂ ಹಿಡಿದುಕೊಂಡಿದೆ. 70 ದಾಟಿದವರಿಗೆ ಹೇಗಾಯಿತು?

ಸಂಜೆನಡಿಗೆ72 ಕೇಳಿದ್ದು:

ನನಗೆ 72. ಎಲ್4-ಎಲ್5 ಜಾಗದಲ್ಲಿ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ, ನರ ಹೋಗುವ ದಾರಿ ಕಿರಿದಾಗಿತ್ತು, ಜೊತೆಗೆ ಮೇಲಿನ ಮೂಳೆ ಸ್ವಲ್ಪ ಮುಂದಕ್ಕೆ ಜಾರಿತ್ತು. ನಿಂತರೆ ಕಾಲು ಭಾರ, ಸ್ವಲ್ಪ ನಡೆದರೆ ಪಿರ್ರೆಯಿಂದ ಮೀನಖಂಡದ ತನಕ ಉರಿ, ಕೂತ ತಕ್ಷಣ ಆರಾಮ. ಮಾತ್ರೆ, ಫಿಸಿಯೋ, ಬೆನ್ನಿಗೆ ಇಂಜೆಕ್ಷನ್ ಎಲ್ಲಾ ಆದ ಮೇಲೆ ಆಪರೇಷನ್‌ಗೆ ಒಪ್ಪಿಕೊಂಡೆ. ನರದ ಮೇಲಿನ ಒತ್ತಡ ತೆಗೆದು, ಸ್ಕ್ರೂ ರಾಡ್ ಹಾಕಿ ಎರಡು ಮೂಳೆಗಳನ್ನು ಕೂಡಿಸಿದ್ದಾರೆ. ಈಗ ಎರಡು ತಿಂಗಳಾಗುತ್ತಾ ಬಂತು.

ಕಾಲಿನ ಉರಿ ಆಪರೇಷನ್ ಆದ ಮರುದಿನವೇ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸೊಂಟ ಬೆಳಿಗ್ಗೆ ಹಲಗೆ ಇಟ್ಟ ಹಾಗೆ ಬಿಗಿದಿರುತ್ತದೆ. ಎಡಗಾಲಿನ ಹೆಬ್ಬೆರಳು ಮತ್ತು ಪಾದದ ಮೇಲ್ಭಾಗ ಜೋಮು ಹಿಡಿದಂತೆಯೇ ಇದೆ, ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುತ್ತದೆ. ಒಂದು ದಿನ ಪರವಾಗಿಲ್ಲ ಅನ್ನಿಸುತ್ತದೆ, ಮರುದಿನ ಏಳುವುದೇ ಬೇಡ ಅನ್ನಿಸುತ್ತದೆ. ಮನೆಯಲ್ಲಿ ಒಬ್ಬರು ನಡೀರಿ ನಡೀರಿ ಅಂತಾರೆ, ಇನ್ನೊಬ್ಬರು ಸುಮ್ನೆ ಮಲಗಿ ಅಂತಾರೆ. ಡಾಕ್ಟರು ನೋಡಿ "ಎಲ್ಲಾ ಚೆನ್ನಾಗಿದೆ" ಅಂದು ಕಳಿಸಿದರು. ಅವರಿಗೆ ಚೆನ್ನಾಗಿದೆ, ನನಗೆ?

ಗೂಗಲ್‌ನಲ್ಲಿ ಹುಡುಕಿದರೆ ನಲವತ್ತರ ಒಳಗಿನವರ ಕಥೆಯೇ ಜಾಸ್ತಿ. ಒಂದು ತಿಂಗಳಲ್ಲಿ ಆಫೀಸಿಗೆ ಹೋದೆ, ಜಿಮ್‌ಗೆ ಹೋದೆ ಅಂತ. ನಮ್ಮ ವಯಸ್ಸಿನವರು ಯಾರಾದರೂ ನಿಜ ಹೇಳಿ. ಹೀಗೆ ಆಗುವುದು ಸಹಜವಾ, ಅಥವಾ ಆಪರೇಷನ್ ಕೈಕೊಟ್ಟಿತಾ?

---

ನಾಲ್ಕುಸ್ಕ್ರೂ:

ನನಗೆ 74, ಎಪ್ಪತ್ತು ದಾಟಿದ ಮೇಲೆ ನಿಮ್ಮದೇ ಆಪರೇಷನ್ ಆಯಿತು. ಹೆಸರಲ್ಲೇ ಇದೆಯಲ್ಲ, ನಾಲ್ಕು ಸ್ಕ್ರೂ.

ಮೊದಲು ಒಂದು ಮಾತು. ನಿಮ್ಮ ಆಪರೇಷನ್ ಮಾಡಿದ್ದು ಮುಖ್ಯವಾಗಿ ಕಾಲಿಗಾಗಿ, ಸೊಂಟಕ್ಕಾಗಿ ಅಲ್ಲ. ಇದನ್ನು ಆಪರೇಷನ್‌ಗೆ ಮುಂಚೆ ಡಾಕ್ಟರು ಹೇಳಿರುತ್ತಾರೆ, ನಮ್ಮ ಕಿವಿಗೆ ಬಿದ್ದಿರುವುದಿಲ್ಲ ಅಷ್ಟೇ. ನರ ಒತ್ತಿಕೊಂಡು ಕಾಲಿಗೆ ಬರುವ ನೋವು ಒತ್ತಡ ತೆಗೆದರೆ ಬಹಳ ಸಲ ಬೇಗ ಹೋಗುತ್ತದೆ. ಸೊಂಟದ ನೋವು ಬೇರೆ ಕಥೆ. ಅದರಲ್ಲಿ ಸವೆದ ಕೀಲು ಇದೆ, ವರ್ಷಗಟ್ಟಲೆ ಸೊರಗಿದ ಸ್ನಾಯು ಇದೆ, ಅದರ ಮೇಲೆ ಈಗ ಆಪರೇಷನ್‌ಗಾಗಿ ಆ ಸ್ನಾಯುಗಳನ್ನೇ ಸರಿಸಿ ಕೆಲಸ ಮಾಡಿರುತ್ತಾರೆ. ಹಾಗಾಗಿ ಕೆಲವು ತಿಂಗಳು ಸೊಂಟ ಮೊದಲಿಗಿಂತ ಜಾಸ್ತಿಯೇ ನೋಯಬಹುದು. ನನಗಂತೂ ಹಾಗೇ ಆಯಿತು.

ಇನ್ನು ಸ್ಕ್ರೂ ಹಾಕಿದ ತಕ್ಷಣ ಮೂಳೆ ಕೂಡಿಬಿಟ್ಟಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸ್ಕ್ರೂ ರಾಡ್ ಮೂಳೆಯನ್ನು ಅಲುಗಾಡದಂತೆ ಹಿಡಿದುಕೊಂಡಿರುತ್ತವೆ ಅಷ್ಟೇ. ನಿಜವಾಗಿ ಬೆಸುಗೆ ಆಗಬೇಕಾದ್ದು ಮೂಳೆಯೇ ಬೆಳೆದು. ಅದಕ್ಕೆ 6 ತಿಂಗಳಿಂದ ಒಂದು ವರ್ಷ ಬೇಕು, ನಮ್ಮ ವಯಸ್ಸಿಗೆ ಇನ್ನೂ ಸ್ವಲ್ಪ ಹೆಚ್ಚೇ ಅನ್ನಿ. ಎರಡು ತಿಂಗಳಿಗೆ ನೀವು ದಾರಿಯ ಶುರುವಿನಲ್ಲಿದ್ದೀರಿ.

ನನ್ನ ಮಟ್ಟಿಗೆ ಮೂರನೇ ತಿಂಗಳು ಎಲ್ಲಕ್ಕಿಂತ ಬೇಜಾರಿನದು. ಮೊದಲು ಎಲ್ಲರೂ ಬಂದು ನೋಡುತ್ತಾರೆ, ಕೈ ಹಿಡಿದು ಎಬ್ಬಿಸುತ್ತಾರೆ. ಆಮೇಲೆ ಗಾಯ ಒಣಗಿದೆ, ಹಾಗಾದರೆ ಹುಷಾರಾಗಿದ್ದಾರೆ ಅಂತ ಅವರವರ ಕೆಲಸಕ್ಕೆ ಹೋಗುತ್ತಾರೆ. ಒಳಗೆ ಮಾತ್ರ ಏನೂ ಮುಗಿದಿರುವುದಿಲ್ಲ. ಆಗ ಕಾರಣವಿಲ್ಲದೆ ಅಳು ಬರುತ್ತಿತ್ತು, ಗಂಡಸು ಅಂತ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಐದಾರು ತಿಂಗಳ ಹೊತ್ತಿಗೆ ಬೆಳಿಗ್ಗೆ ಎದ್ದಾಗ ಸೊಂಟದ ನೆನಪೇ ಬಾರದ ದಿನಗಳು ಶುರುವಾದವು. ಈಗಲೂ ತುಂಬಾ ಹೊತ್ತು ನಿಂತರೆ ಬಿಗಿಯುತ್ತದೆ. ಆದರೆ ನಡೆಯುತ್ತೇನೆ, ಮಧ್ಯೆ ಕೂರಲು ಜಾಗ ಹುಡುಕುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

---

ಕೋಲುಗೆಳತಿ:

76, ಹೆಂಗಸು, ಸ್ಕ್ರೂ ಇಲ್ಲ, ಬರೀ ಲ್ಯಾಮಿನೆಕ್ಟಮಿ. ಅಂದರೆ ನರ ಒತ್ತುತ್ತಿದ್ದ ಮೂಳೆಯ ಹಿಂಭಾಗದ ತುಂಡು ತೆಗೆದದ್ದು ಮಾತ್ರ. ಮೂಳೆ ಕೂಡಿಸುವುದು ಇಲ್ಲದ್ದರಿಂದ ನನ್ನದು ಬೇಗ ಆಯಿತು, ಅದಕ್ಕೆ ನನ್ನ ಲೆಕ್ಕವನ್ನು ನಿಮ್ಮದಕ್ಕೆ ಹೋಲಿಸಬೇಡಿ. ಇದೇ ದೊಡ್ಡ ತೊಂದರೆ ನೋಡಿ, ಎಲ್ಲರೂ "ಬೆನ್ನಿನ ಆಪರೇಷನ್" ಅಂತಾರೆ, ಒಬ್ಬರದು ಡಿಸ್ಕ್ ಚೂರು ತೆಗೆದದ್ದು, ಒಬ್ಬರದು ನಾಲ್ಕು ಮೂಳೆ ಕೂಡಿಸಿದ್ದು, ಆಮೇಲೆ ಯಾರು ಬೇಗ ಎದ್ದರು ಅಂತ ಪಂದ್ಯ.

ಚುಳ್ ಅನ್ನುವುದಕ್ಕೆ ಹೆದರಬೇಡಿ. ನನಗೂ ಇತ್ತು, ರಾತ್ರಿ ಹೊತ್ತು ಜಾಸ್ತಿ. ನರ ಚೇತರಿಸಿಕೊಳ್ಳುವಾಗ ಹಾಗೆ ಆಗುತ್ತದೆ ಅಂತ ನನ್ನ ಡಾಕ್ಟರು ಹೇಳಿದರು. ಜೋಮು ಮಾತ್ರ ಎಲ್ಲಕ್ಕಿಂತ ಕೊನೆಗೆ ಹೋಗುವುದು. ಪೆಟ್ಟಾದ ನರದ ಎಳೆ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಸೊಂಟದಿಂದ ಹೆಬ್ಬೆರಳಿನ ತನಕ ಎಷ್ಟು ದೂರ ಅಂತ ನೀವೇ ಲೆಕ್ಕ ಹಾಕಿ. ನರ ತುಂಬಾ ವರ್ಷ ಒತ್ತಿಕೊಂಡಿದ್ದರೆ ಸ್ವಲ್ಪ ಜೋಮು ಹಾಗೇ ಉಳಿಯಲೂಬಹುದು. ನನಗೆ ಬಲಗಾಲಿನ ಎರಡು ಬೆರಳಲ್ಲಿ ಉಳಿದಿದೆ, ಅಭ್ಯಾಸವಾಗಿದೆ.

ನಾನು ಹೇಳಬೇಕೆಂದಿರುವುದು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಟಾಯ್ಲೆಟ್! ಆಪರೇಷನ್ ನೋವಿಗಿಂತ ನನ್ನನ್ನು ಸತಾಯಿಸಿದ್ದು ಅದು. ಬಲವಾದ ನೋವಿನ ಮಾತ್ರೆ, ಟ್ರಮಾಡಾಲ್ ಥರದ್ದು, ಕರುಳನ್ನು ನಿಧಾನ ಮಾಡಿಬಿಡುತ್ತದೆ. ಓಡಾಟ ಕಮ್ಮಿ, ನೀರು ಕುಡಿದರೆ ಮತ್ತೆ ಮತ್ತೆ ಏಳಬೇಕಲ್ಲ ಅಂತ ನೀರೂ ಕಮ್ಮಿ. ಆಮೇಲೆ ಮುಕ್ಕಿದರೆ ಸೊಂಟಕ್ಕೆ ಪ್ರಾಣ ಹೋದ ಹಾಗೆ. ನೋವಿನ ಮಾತ್ರೆ ಬರೆದ ದಿನವೇ ಮಲ ಸಡಿಲವಾಗುವ ಔಷಧಿಯನ್ನೂ ಕೇಳಿ ಬರೆಸಿಕೊಳ್ಳಬೇಕು. ಕಮೋಡ್ ಮೇಲೆ ಇಡುವ ಎತ್ತರದ ಸೀಟು ಮತ್ತು ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ, ಈ ಎರಡರಷ್ಟು ಉಪಕಾರ ನನಗೆ ಯಾವ ಮಾತ್ರೆಯೂ ಮಾಡಲಿಲ್ಲ. ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಮೊದಲೇ ಇದ್ದರೆ ಆಪರೇಷನ್ ಆದ ಮೇಲೆ ಮೂತ್ರ ಕಟ್ಟಿಕೊಳ್ಳುವುದೂ ಇದೆ, ನಮ್ಮ ಯಜಮಾನರಿಗೆ ಬೇರೆ ಆಪರೇಷನ್‌ನಲ್ಲಿ ಹಾಗಾಗಿ ಮತ್ತೆ ನಳಿಕೆ ಹಾಕಬೇಕಾಯಿತು.

---

ಅಮ್ಮನಮಗಳು:

ನಾನು ರೋಗಿ ಅಲ್ಲ, ನನ್ನ ಅಮ್ಮನಿಗೆ 79ನೇ ವಯಸ್ಸಿಗೆ ಆಯಿತು. ಇದನ್ನು ಓದುವವರಲ್ಲಿ ಮಕ್ಕಳೂ ಇರಬಹುದು ಅಂತ ಬರೆಯುತ್ತಿದ್ದೇನೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ರಾತ್ರಿ ಅಮ್ಮ ನನ್ನನ್ನು ಗುರುತು ಹಿಡಿಯಲಿಲ್ಲ. ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಅಂದರು, ಡ್ರಿಪ್ ಕಿತ್ತು ಹಾಕಲು ನೋಡಿದರು, ತೀರಿಹೋದ ಅವರ ಅಕ್ಕನನ್ನು ಕರೆದರು. ನನಗೆ ಸ್ಟ್ರೋಕ್ ಆಗಿದೆ ಅಂತಲೇ ಅನ್ನಿಸಿತು. ನರ್ಸ್ ಇದಕ್ಕೆ ಡೆಲಿರಿಯಮ್ ಅಂತಾರೆ, ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಆಗುತ್ತಿರುತ್ತದೆ ಅಂದರು. ಮುಂಚೆಯೇ ಒಂದು ಮಾತು ಹೇಳಿದ್ದರೆ ಆ ರಾತ್ರಿ ನಾನು ಅಷ್ಟು ನಡುಗುತ್ತಿರಲಿಲ್ಲ.

ನೋವು, ಬಲವಾದ ಮಾತ್ರೆ, ನಿದ್ದೆ ಕೆಡುವುದು, ಸೋಂಕು, ನೀರಿನಂಶ ಕಮ್ಮಿಯಾಗುವುದು, ಮೂತ್ರ ಕಟ್ಟುವುದು, ಇದರಲ್ಲಿ ಯಾವುದರಿಂದಲೂ ಬರಬಹುದಂತೆ. ಅದಕ್ಕೇ ಡಾಕ್ಟರಿಗೆ ತಕ್ಷಣ ಹೇಳಬೇಕು, ವಯಸ್ಸಾಯಿತಲ್ಲ ಅಂತ ಬಿಡಬಾರದು. ನಮಗೆ ಹೇಳಿಕೊಟ್ಟದ್ದು ತುಂಬಾ ಸರಳ. ಕನ್ನಡಕ ಮತ್ತು ಕಿವಿಯ ಮಿಷನ್ ಆದಷ್ಟು ಬೇಗ ವಾಪಸ್ ಹಾಕಿಸಿ, ಹಗಲಲ್ಲಿ ಕಿಟಕಿ ಪರದೆ ತೆಗೆದಿಡಿ, ಕಣ್ಣಿಗೆ ಕಾಣುವಂತೆ ಗಡಿಯಾರ ಇಡಿ, ಗೊತ್ತಿರುವ ಮುಖ ಒಂದು ಪಕ್ಕದಲ್ಲಿರಲಿ, ವಾದ ಮಾಡಬೇಡಿ. ಇರುವೆ ಇಲ್ಲ ಅಂತ ಸಾಧಿಸಲು ಹೋದರೆ ಇನ್ನೂ ಕೆರಳುತ್ತಾರೆ. ಕೆಲವು ದಿನಗಳಲ್ಲಿ ಅಮ್ಮ ಸರಿಹೋದರು, ಆದರೂ ಹೆಸರು ಮರೆಯುವುದು, ಹಗಲು ರಾತ್ರಿ ಅದಲುಬದಲಾಗುವುದು ಕೆಲವು ವಾರ ಇತ್ತು. ಇನ್ನೊಂದು ಬಗೆ ಇದೆಯಂತೆ, ಗಲಾಟೆಯೇ ಇಲ್ಲದೆ ಸುಮ್ನೆ ಮಂಕಾಗಿ ಮಲಗಿಬಿಡುವುದು. ಅದನ್ನು ಎಲ್ಲರೂ "ಪಾಪ, ಸುಸ್ತಾಗಿದ್ದಾರೆ" ಅಂದುಕೊಳ್ಳುತ್ತಾರೆ.

ಈಗ ಅಮ್ಮ ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಾರೆ. ಹೊರಗೆ ಕೋಲು ಬೇಕು. ಆ ರಾತ್ರಿಯ ಒಂದೂ ನೆನಪಿಲ್ಲ ಅವರಿಗೆ, ಎಲ್ಲಾ ನನಗೇ.

---

ನಿವೃತ್ತ_ಫಿಸಿಯೋ:

ಬಹಳ ವರ್ಷ ಆಸ್ಪತ್ರೆಯಲ್ಲಿ ಫಿಸಿಯೋ ಆಗಿದ್ದೆ, ಈಗ ನನಗೂ ನಿಮ್ಮದೇ ವಯಸ್ಸು. ನಡೀರಿ ಅನ್ನುವವರಿಗೂ ಮಲಗಿ ಅನ್ನುವವರಿಗೂ ಇರುವ ಜಗಳ ನಾನು ಪ್ರತಿ ಮನೆಯಲ್ಲೂ ನೋಡಿದ್ದೇನೆ. ನಡೆಯಬೇಕು. ಆದರೆ ಒಂದೇ ಸಲ ದೂರ ಹೋಗುವುದಲ್ಲ. ಚಿಕ್ಕ ಚಿಕ್ಕ ನಡಿಗೆ, ದಿನಕ್ಕೆ ಹಲವು ಸಲ, ಮಧ್ಯೆ ವಿಶ್ರಾಂತಿ. ನಿಮ್ಮ "ಒಂದು ದಿನ ಪರವಾಗಿಲ್ಲ, ಮರುದಿನ ಏಳಲು ಆಗಲ್ಲ" ಅನ್ನುವುದು ಓದಿದ ಕೂಡಲೇ ನನಗೆ ಅನುಮಾನ ಬಂತು. ಚೆನ್ನಾಗಿರುವ ದಿನ ಬಾಕಿ ಇರುವ ಕೆಲಸವೆಲ್ಲಾ ಮಾಡಿ ಮುಗಿಸುತ್ತೀರಿ, ಅಲ್ವಾ? ಮರುದಿನ ದೇಹ ಅದರ ಬಿಲ್ ಕಳಿಸುತ್ತದೆ. ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಹೆಚ್ಚುಕಮ್ಮಿ ಅಷ್ಟೇ ನಡೆಯಿರಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ನಡೆದ ಮೇಲೆ ಸ್ವಲ್ಪ ನೋವು ಬಂದು ರಾತ್ರಿಯೊಳಗೆ ಇಳಿದರೆ ತೊಂದರೆ ಇಲ್ಲ. ಮರುದಿನವೂ ಉಳಿದರೆ ಜಾಸ್ತಿ ಆಯಿತು ಅಂತ ತಿಳಿಯಿರಿ.

ಹಾಸಿಗೆಯಿಂದ ಏಳುವುದನ್ನು ನೋಡಿದರೆ ಸಾಕು, ಯಾರಿಗೆ ಸೊಂಟ ನೋಯುತ್ತದೆ ಅಂತ ನಾನು ಹೇಳಬಲ್ಲೆ. ನೆಟ್ಟಗೆ ಮಲಗಿದವರು ಹಾಗೇ ತಲೆ ಎತ್ತಿ, ಸೊಂಟ ತಿರುಚಿ ಏಳುತ್ತಾರೆ. ಬೇಡ. ಮೊಣಕಾಲು ಮಡಚಿ, ಹೆಗಲು ಸೊಂಟ ಮೊಣಕಾಲು ಮೂರೂ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಡುತ್ತಾ ಮೊಣಕೈ ಊರಿ ಮೇಲೇಳಿ. ಎದ್ದ ಕೂಡಲೇ ನಿಲ್ಲಬೇಡಿ, ಸ್ವಲ್ಪ ಹೊತ್ತು ಹಾಸಿಗೆ ಅಂಚಿನಲ್ಲಿ ಕೂತಿರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಅಥವಾ ಪ್ರೆಗಾಬಾಲಿನ್ ತೆಗೆದುಕೊಳ್ಳುವವರಿಗೆ ತಲೆ ಸುತ್ತುವುದು ಸಾಮಾನ್ಯ. ಆ ಎರಡು ನರದ ಮಾತ್ರೆಗಳನ್ನು ನೀವಾಗಿ ಒಂದೇ ಸಲ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬರಬೇಕು.

ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಸದ್ಯಕ್ಕೆ ಬೇಡ, ಇದನ್ನು ನಿಮಗೂ ಹೇಳಿರುತ್ತಾರೆ. ತಗ್ಗಿನ ಸೋಫಾ ಅಂತೂ ಶತ್ರು. ಕೈ ಇರುವ, ಎತ್ತರದ, ಗಟ್ಟಿ ಕುರ್ಚಿ ಬೇಕು, ಅದರಲ್ಲೂ ಅರ್ಧ ಗಂಟೆಗೊಮ್ಮೆ ಏಳಬೇಕು. ಬಗ್ಗದೆ ಹಾಕಿಕೊಳ್ಳುವ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಸ್ನಾನಕ್ಕೆ ಜಾರದ ಸ್ಟೂಲು, ರಾತ್ರಿ ಟಾಯ್ಲೆಟ್ ದಾರಿಯಲ್ಲಿ ಒಂದು ದೀಪ. ನೆಲದ ಮೇಲಿನ ಸಡಿಲ ಚಾಪೆಗಳನ್ನೆಲ್ಲಾ ಎತ್ತಿಡಿ. ನಿಮ್ಮ ಪಾದ ಜೋಮು ಹಿಡಿದಿದೆ ಅಂದಿರಿ, ಅಂದರೆ ನೆಲ ಎಲ್ಲಿದೆ ಅಂತ ಪಾದಕ್ಕೆ ಸರಿಯಾಗಿ ಗೊತ್ತಾಗುತ್ತಿಲ್ಲ. ನಮ್ಮ ವಯಸ್ಸಿನಲ್ಲಿ ಸ್ಕ್ರೂಗಿಂತ ಬೀಳುವುದೇ ದೊಡ್ಡ ಅಪಾಯ. ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಆಗುತ್ತಿದೆಯಾ ನೋಡಿ. ಜೋಮು ಬೇರೆ, ಶಕ್ತಿ ಇಲ್ಲದಿರುವುದು ಬೇರೆ. ಪಾದ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ ಬೇಗ ತೋರಿಸಿ.

ಕಾಯದೆ ಹೋಗಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಬಾರದೆ ಕಟ್ಟಿಕೊಳ್ಳುವುದು, ತೊಡೆಸಂದಿಯ ಸುತ್ತ ಸ್ಪರ್ಶವೇ ಗೊತ್ತಾಗದಿರುವುದು, ಎರಡೂ ಕಾಲು ಸೋಲುವುದು, ಇವು ಅದೇ ದಿನ ಅದೇ ಗಂಟೆ ತುರ್ತು ವಿಭಾಗಕ್ಕೆ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಎದೆ ನೋವು ಕೂಡ ಹಾಗೇ, ರಕ್ತ ಹೆಪ್ಪುಗಟ್ಟಿರಬಹುದು. ಗಾಯದಿಂದ ಕೀವು ಅಥವಾ ನೀರಿನಂಥ ದ್ರವ, ಜ್ವರ, ಎದ್ದು ನಿಂತರೆ ಬಂದು ಮಲಗಿದರೆ ಹೋಗುವ ತಲೆನೋವು, ಇದಕ್ಕೂ ಫೋನ್ ಮಾಡಿ.

---

ಇನ್ನೂ_ನೋವು:

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ, ನನ್ನದೂ ಇರಲಿ. 69, ಫ್ಯೂಷನ್, ಅಂದರೆ ಮೂಳೆ ಕೂಡಿಸುವ ಆಪರೇಷನ್, ಆಗಿ ಒಂದು ವರ್ಷ ದಾಟಿದೆ. ಕಾಲು ನೋವು ಅರ್ಧ ಕಮ್ಮಿ ಆಗಿದೆ. ಸೊಂಟ ನೋವು ಇದ್ದ ಹಾಗೇ ಇದೆ. ಹಾಗಂತ ಮಾಡಿಸಿಕೊಳ್ಳಬಾರದಿತ್ತು ಅಂತಲೂ ಹೇಳಲಾರೆ, ಮೊದಲು ಬಾಗಿಲ ತನಕ ಹೋಗಲು ಆಗುತ್ತಿರಲಿಲ್ಲ.

ನನಗೆ ಸಿಟ್ಟು ಬರುವುದು ಯಾವುದಕ್ಕೆ ಅಂದರೆ, ಸ್ಕ್ರೂ ಬೇಕೇ ಬೇಕಾ ಅಂತ ನನ್ನ ಜೊತೆ ಯಾರೂ ಕೂತು ಮಾತಾಡಲಿಲ್ಲ. ಆಮೇಲೆ ಓದಿ ತಿಳಿದದ್ದು. ಸ್ವೀಡನ್‌ನಲ್ಲಿ ನರದ ದಾರಿ ಕಿರಿದಾದ 50ರಿಂದ 80 ವರ್ಷದ 247 ಜನರ ಮೇಲೆ ಒಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಕೆಲವರಿಗೆ ಬರೀ ಒತ್ತಡ ತೆಗೆದರು, ಕೆಲವರಿಗೆ ಒತ್ತಡ ತೆಗೆದು ಮೂಳೆಯನ್ನೂ ಕೂಡಿಸಿದರು. ಎರಡು ವರ್ಷ ಆದ ಮೇಲೆ ಕೂಡಿಸಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಅವರು ಆಸ್ಪತ್ರೆಯಲ್ಲಿ ಇದ್ದದ್ದು ಮಾತ್ರ ಜಾಸ್ತಿ ದಿನ. ಮೂಳೆ ಜಾರಿದ್ದವರಲ್ಲೂ ಹಾಗೇ. ಮೂಳೆ ತುಂಬಾ ಅಲುಗಾಡುತ್ತಿದ್ದರೆ ಸ್ಕ್ರೂ ಬೇಕಾಗುತ್ತದೆ, ಅದು ಬೇರೆ. ಮಾಡಿಸಿಕೊಂಡು ಆದವರಿಗೆ ಇದರಿಂದ ಏನೂ ಉಪಯೋಗವಿಲ್ಲ, ಇನ್ನೂ ಯೋಚನೆ ಮಾಡುತ್ತಿರುವವರು ಕೇಳಲಿ ಅಂತ ಬರೆದೆ.

ಮೂಳೆಯ ಗಟ್ಟಿತನವನ್ನೂ ಕೇಳಿ. ನನಗೆ ಆಪರೇಷನ್ ಆದ ಮೇಲೆ ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆ ಸವೆದಿದೆ ಅಂದರು. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಸಡಿಲವಾಗುವ ಸಾಧ್ಯತೆ ಜಾಸ್ತಿ, ಹಾಗಾಗಿ ಅದನ್ನು ಮೊದಲೇ ನೋಡುವುದು ಒಳ್ಳೆಯದಲ್ವಾ? ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಕೂಡುವುದೇ ಕಷ್ಟ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಗಾಯ ಸೋಂಕಾಗುವ ಭಯ ಬೇರೆ.

---

ನಾಲ್ಕುಸ್ಕ್ರೂ:

ಮೇಲಿನವರ ಮಾತು ಒಪ್ಪುತ್ತೇನೆ. ನನಗೆ ಚೆನ್ನಾಗಿ ಆಯಿತು ಅಂದರೆ ಎಲ್ಲರಿಗೂ ಆಗುತ್ತದೆ ಅಂತಲ್ಲ. ಆದರೆ ಇವರದು ಎರಡು ತಿಂಗಳು, ನಿಮ್ಮದು ವರ್ಷ ದಾಟಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಇವರನ್ನು ಹೆದರಿಸುವುದು ಬೇಡ. ವರ್ಷವಾದರೂ ನೋವು ಇದೆ ಅಂದರೆ ಮೂಳೆ ಕೂಡಿದೆಯಾ, ಸ್ಕ್ರೂ ಸಡಿಲವಾಗಿದೆಯಾ, ಮೇಲಿನ ಅಥವಾ ಕೆಳಗಿನ ಮೂಳೆಯ ಜಾಗದಲ್ಲಿ ಹೊಸದಾಗಿ ಏನಾದರೂ ಶುರುವಾಗಿದೆಯಾ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿ. ತೋರಿಸಿದ್ದೀರಾ?

ಇನ್ನೂ_ನೋವು:

ಸಿಟಿ ಸ್ಕ್ಯಾನ್ ಆಗಿದೆ, ಮೂಳೆ ಕೂಡಿದೆ ಅಂತಾರೆ. ಈಗ ನೋವಿನ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಹೆದರಿಸಲು ಬರೆದದ್ದಲ್ಲ ಸ್ವಾಮಿ.

---

ಸಂಜೆನಡಿಗೆ72:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಇನ್ನೂ_ನೋವು ಅವರೇ, ನನಗೇನೂ ಬೇಜಾರಿಲ್ಲ, ನಿಜ ಹೇಳಿ ಅಂತ ಕೇಳಿದ್ದೇ ನಾನು.

ಫಿಸಿಯೋ ಅವರು ನಮ್ಮ ಮನೆಗೆ ಬಂದು ನೋಡಿದ ಹಾಗೆ ಬರೆದಿದ್ದಾರೆ. ಚೆನ್ನಾಗಿರುವ ದಿನ ಗಿಡಗಳ ಕುಂಡಗಳನ್ನೆಲ್ಲಾ ಸರಿಸಿ ಇಡುತ್ತೇನೆ, ನನ್ನ ಹೆಂಡತಿ ಇದನ್ನು ಓದಿ "ನೋಡಿ, ಅವರೇ ಹೇಳಿದ್ದಾರೆ" ಅಂತ ಮೂರು ಸಲ ಅಂದಾಯಿತು. ಹೆಬ್ಬೆರಳು ಎತ್ತಲು ಆಗುತ್ತದೆ, ಬಲಗಾಲಿನಷ್ಟು ಜೋರಾಗಿ ಇಲ್ಲ. ಮುಂದಿನ ವಾರ ಎಕ್ಸ್-ರೇ ಇದೆ, ಆಗ ಇದನ್ನೂ ತೋರಿಸುತ್ತೇನೆ, ಡೆಕ್ಸಾ ಬಗ್ಗೆಯೂ ಕೇಳುತ್ತೇನೆ. ಡೆಲಿರಿಯಮ್ ವಿಷಯ ಓದಿ ಮಗನಿಗೆ ಕಳಿಸಿದೆ, ಅವನ ಮಾವನಿಗೆ ಮುಂದಿನ ತಿಂಗಳು ಸೊಂಟದ್ದೇ ಆಪರೇಷನ್.

ಒಂದು ಪ್ರಶ್ನೆ ಉಳಿದಿದೆ. ಆಪರೇಷನ್ ಆದ ಮೇಲೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಎಷ್ಟು ದಿನ ಹಾಕಿದಿರಿ? ನನಗೆ ಅದು ಹಾಕಿದರೆ ಧೈರ್ಯ, ತೆಗೆದರೆ ಭಯ.

ಕೋಲುಗೆಳತಿ:

ನನಗೆ ಬೆಲ್ಟೇ ಕೊಡಲಿಲ್ಲ! ಒಬ್ಬೊಬ್ಬ ಡಾಕ್ಟರು ಒಂದೊಂದು ಥರ.

ನಿವೃತ್ತ_ಫಿಸಿಯೋ:

ಅದನ್ನು ಆಪರೇಷನ್ ಮಾಡಿದವರೇ ಹೇಳಬೇಕು, ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ. ತೆಗೆಯಿರಿ ಅಂದರೆ ಒಂದೇ ದಿನ ತೆಗೆದು ಎಸೆಯಬೇಡಿ. ಮೊದಲು ಮನೆಯಲ್ಲಿ ಕೂತಿರುವಾಗ ತೆಗೆಯಿರಿ, ಆಮೇಲೆ ಮನೆಯೊಳಗೆ ನಡೆಯುವಾಗ, ಕೊನೆಗೆ ಹೊರಗೆ ಹೋಗುವಾಗ. ಮಲಗುವಾಗ ಹಾಕಬೇಕಾ ಬೇಡವಾ ಅಂತಲೂ ಕೇಳಿಕೊಂಡು ಬನ್ನಿ, ತುಂಬಾ ಜನ ಅದನ್ನು ಕೇಳುವುದೇ ಇಲ್ಲ. ಮತ್ತೆ ಆ ಕುಂಡಗಳನ್ನು ಮುಟ್ಟಬೇಡಿ.